ಮೂರು ಊರು, ಬಾಡಿಗೆ ಮನೆ

ಪಾಠ ಪರಿಚಯ: ಅನ್ನ, ಅರಿವೆ, ಆಸರೆ ಇವು ಮನುಷ್ಯನ ಮೂಲಭೂತ ಅವಶ್ಯಕತೆಗಳು. ಸ್ವಂತ ಮನೆ ಇಲ್ಲದವರೂ, ಇದ್ದರೂ ಉದ್ಯೋಗಕ್ಕಾಗಿ ಊರು ಬಿಟ್ಟವರೂ ಬಾಡಿಗೆ ಮನೆಯಲ್ಲಿ ವಾಸಿಸುತ್ತಾರೆ. ಪ್ರಸ್ತುತ ಪಾಠದಲ್ಲಿ ಕೊಲ್ಹಾಪುರ ಜಿಲ್ಲೆಯ ಮೂರು ಊರುಗಳ ಬಾಡಿಗೆ ಮನೆಗಳ ಬಗ್ಗೆ ಮಾಹಿತಿ ಕೊಡಲಾಗಿದೆ. ಬಾಡಿಗೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ, ಮಾಲಕರ ಹಾಗೂ ಬಾಡಿಗೆದಾರರ ಹಕ್ಕು-ಕರ್ತವ್ಯಗಳು ಯಾವುವು ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶವಾಗಿದೆ.

ಹಕ್ಕಿಗೆ ಗೂಡು, ಹುಲಿಗೆ ಗುಹೆ, ಮನುಷ್ಯನಿಗೆ ಮನೆ. ಮಳೆ, ಗಾಳಿ, ಬಿಸಿಲುಗಳಿಂದ ನಮ್ಮನ್ನು ಕಾಪಾಡುವುದು ಮನೆ. ದಿನವಿಡೀ ದುಡಿದು ದಣಿದವರು ವಿಶ್ರಾಂತಿ ಪಡೆಯುವುದು ಮನೆಯಲ್ಲಿ. ಮಕ್ಕಳು ಓದುವುದು, ಆಡುವುದು, ಬೆಳೆಯುವುದು ಮನೆಯಲ್ಲಿ. ಆದರೆ ಮನೆ ಕಟ್ಟುವುದು ಸುಲಭದ ಕೆಲಸವಲ್ಲ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನೀವು ಕೇಳಿರಬಹುದು. ಜಾಗ ಕೊಳ್ಳಬೇಕು, ಇಟ್ಟಿಗೆ, ಸಿಮೆಂಟು, ಉಸುಕು, ಕಬ್ಬಿಣ ತರಬೇಕು, ಗೌಂಡಿಗಳಿಗೆ ಕೂಲಿ ಕೊಡಬೇಕು. ಇಷ್ಟು ಹಣ ಎಲ್ಲರ ಬಳಿ ಇರುವುದಿಲ್ಲ. ಕೆಲವರಿಗೆ ತಮ್ಮ ಹಳ್ಳಿಯಲ್ಲಿ ಮನೆ ಇರುತ್ತದೆ, ಆದರೆ ಕೆಲಸ ಮಾತ್ರ ಬೇರೆ ಊರಲ್ಲಿ ಇರುತ್ತದೆ. ಇಂಥವರೆಲ್ಲ ಬೇರೆಯವರ ಮನೆಯಲ್ಲಿ ಇದ್ದು, ಪ್ರತಿ ತಿಂಗಳು ಅದಕ್ಕಾಗಿ ಹಣ ಕೊಡುತ್ತಾರೆ. ಆ ಹಣವೇ ಬಾಡಿಗೆ. ಮನೆ ಕೊಡುವವರು ಮಾಲಕರು. ಮನೆಯಲ್ಲಿ ಇರುವವರು ಬಾಡಿಗೆದಾರರು.

ಎಲ್ಲ ಊರುಗಳಲ್ಲಿ ಬಾಡಿಗೆ ಒಂದೇ ಆಗಿರುವುದಿಲ್ಲ. ಒಂದೇ ಊರಿನಲ್ಲಿಯೂ ಎಲ್ಲ ಗಲ್ಲಿಗಳಲ್ಲಿ ಒಂದೇ ಆಗಿರುವುದಿಲ್ಲ. ಇದಕ್ಕೆ ಕಾರಣವೇನು? ನಮ್ಮ ಕೊಲ್ಹಾಪುರ ಜಿಲ್ಲೆಯ ಮೂರು ಊರುಗಳನ್ನು ನೋಡಿದರೆ ಇದು ತಿಳಿಯುತ್ತದೆ.

ಮೊದಲನೆಯದು ಕೊಲ್ಹಾಪುರ. ಇದು ಪಂಚಗಂಗಾ ನದಿಯ ದಂಡೆಯ ಮೇಲಿದೆ. ಅಂಬಾಬಾಯಿಯ ದೇವಸ್ಥಾನ ಇಲ್ಲಿಯೇ ಇದೆ. 2011ರ ಜನಗಣತಿಯಂತೆ ಈ ನಗರದ ಜನಸಂಖ್ಯೆ ಸುಮಾರು 5 ಲಕ್ಷ 49 ಸಾವಿರ. ಇದು ಜಿಲ್ಲೆಯ ಮುಖ್ಯ ಸ್ಥಳ. ಜಿಲ್ಲಾಧಿಕಾರಿಗಳ ಕಚೇರಿ, ದೊಡ್ಡ ದವಾಖಾನೆಗಳು, ಕಾಲೇಜುಗಳು ಇಲ್ಲಿವೆ. 1962ರಲ್ಲಿ ಇಲ್ಲಿ ಶಿವಾಜಿ ವಿದ್ಯಾಪೀಠದ ಸ್ಥಾಪನೆಯಾಯಿತು. ನಗರದ ಸುತ್ತಲೂ ಶಿರೋಲಿ, ಗೋಕುಳ ಶಿರಗಾವ, ಕಾಗಲ ಎಂಬಲ್ಲಿ ಉದ್ಯೋಗ ವಸಾಹತುಗಳಿವೆ. ಓದಲು ಬಂದವರು, ಕಾರಖಾನೆಯಲ್ಲಿ ದುಡಿಯಲು ಬಂದವರು, ವರ್ಗಾವಣೆಯಾಗಿ ಬಂದ ನೌಕರರು, ಇವರೆಲ್ಲರಿಗೂ ಇರಲು ಮನೆ ಬೇಕು.

ಹೊರಗಿನಿಂದ ಬಂದವರಿಗೆ ಇರಲು ಜಾಗ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ನೂರು ವರ್ಷಗಳಿಗೂ ಹಿಂದೆಯೇ ಅರಿತವರು ರಾಜರ್ಷಿ ಶಾಹೂ ಮಹಾರಾಜರು. ಅವರು 1894ರಲ್ಲಿ ಕೊಲ್ಹಾಪುರ ಸಂಸ್ಥಾನದ ಅಧಿಕಾರ ವಹಿಸಿಕೊಂಡರು. ಆಗ ಹಳ್ಳಿಯ ಬಡ ಮಕ್ಕಳು ಮುಂದಿನ ಶಿಕ್ಷಣಕ್ಕೆ ಕೊಲ್ಹಾಪುರಕ್ಕೆ ಬಂದರೆ ಅವರಿಗೆ ಉಳಿಯಲು ಜಾಗ ಸಿಗುತ್ತಿರಲಿಲ್ಲ. ಅಸ್ಪೃಶ್ಯರೆಂದು ದೂರ ಇಡಲಾದ ಮಕ್ಕಳಿಗಂತೂ ಯಾರೂ ಖೋಲಿ ಕೊಡುತ್ತಿರಲಿಲ್ಲ. ಶಾಲೆಯ ಬಾಗಿಲು ತೆರೆದಿದ್ದರೂ ಮನೆಯ ಬಾಗಿಲು ಮುಚ್ಚಿದ್ದರೆ ಆ ಮಕ್ಕಳು ಕಲಿಯುವುದು ಹೇಗೆ? ಆದ್ದರಿಂದ ಮಹಾರಾಜರು 1901ರಿಂದ ಮುಂದೆ ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿಗಳಿಗಾಗಿ ವಸತಿಗೃಹಗಳ ಸ್ಥಾಪನೆಗೆ ಆಶ್ರಯ ಕೊಟ್ಟರು. ಮರಾಠಾ, ಜೈನ, ಲಿಂಗಾಯತ, ಮುಸಲ್ಮಾನ, ದಲಿತ ಹೀಗೆ ಅನೇಕ ಸಮಾಜಗಳ ಮಕ್ಕಳು ಈ ‘ಬೋರ್ಡಿಂಗ್’ಗಳಲ್ಲಿ ಇದ್ದು ಕಲಿತರು. ತಲೆಯ ಮೇಲೆ ಸೂರು ಸಿಕ್ಕಿದ್ದರಿಂದ ಅವರ ಕೈಗೆ ಪುಸ್ತಕ ಬಂದಿತು.

ಈಗ ಕೊಲ್ಹಾಪುರದಲ್ಲಿ ಮನೆ ಹುಡುಕುವವರು ಮೂರು ಮಾತುಗಳನ್ನು ವಿಚಾರಿಸುತ್ತಾರೆ. ಒಂದು, ಕೆಲಸದ ಅಥವಾ ಶಾಲೆಯ ಸ್ಥಳ ಎಷ್ಟು ದೂರ? ಎರಡು, ನಳದ ನೀರು ಸರಿಯಾಗಿ ಬರುತ್ತದೆಯೇ? ಮೂರು, ಮಳೆಗಾಲದಲ್ಲಿ ನದಿಯ ನೀರು ಮನೆಯವರೆಗೆ ಬರುತ್ತದೆಯೇ? ಮೂರನೆಯ ಪ್ರಶ್ನೆ ಕೊಲ್ಹಾಪುರದಲ್ಲಿ ಬಹಳ ಮಹತ್ವದ್ದು. ರಾಜಾರಾಮ ಬಂಧಾರೆಯ ಹತ್ತಿರ ಪಂಚಗಂಗೆಯ ನೀರು 39 ಅಡಿ ಮುಟ್ಟಿದರೆ ಅದು ಎಚ್ಚರಿಕೆಯ ಮಟ್ಟ. 43 ಅಡಿ ಮುಟ್ಟಿದರೆ ಅದು ಅಪಾಯದ ಮಟ್ಟ. 2005, 2019 ಹಾಗೂ 2021ರಲ್ಲಿ ಮಹಾಪೂರ ಬಂದಾಗ ನೀರು ಈ ಮಟ್ಟವನ್ನು ದಾಟಿ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ಜನರು ಹಾಸಿಗೆ, ಪಾತ್ರೆ, ಪುಸ್ತಕಗಳನ್ನು ಬಿಟ್ಟು ಶಾಲೆಗಳಲ್ಲಿಯೂ ಬಂಧುಗಳ ಮನೆಗಳಲ್ಲಿಯೂ ಆಸರೆ ಪಡೆಯಬೇಕಾಯಿತು. ಆದ್ದರಿಂದ ಎತ್ತರದ ಜಾಗದ ಮನೆಗೆ ಬೇಡಿಕೆ ಹೆಚ್ಚು. ತಗ್ಗಿನ ಮನೆ ಕಡಿಮೆ ಬಾಡಿಗೆಗೆ ಸಿಗಬಹುದು. ಆದರೆ ಒಂದು ಮಹಾಪೂರದಲ್ಲಿ ಆಗುವ ಹಾನಿ ವರ್ಷವಿಡೀ ಉಳಿಸಿದ ಹಣಕ್ಕಿಂತ ಹೆಚ್ಚಾಗಬಹುದು.

ಎರಡನೆಯ ಊರು ಇಚಲಕರಂಜಿ. ಇದು ಕೊಲ್ಹಾಪುರದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ ದೂರದಲ್ಲಿದೆ. ಇದನ್ನು ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎಂದು ಕರೆಯುತ್ತಾರೆ. ಮ್ಯಾಂಚೆಸ್ಟರ್ ಎಂಬುದು ಹತ್ತಿಯ ಬಟ್ಟೆಗೆ ಹೆಸರಾಗಿದ್ದ ಇಂಗ್ಲಂಡಿನ ನಗರ. 1904ರಲ್ಲಿ ವಿಠ್ಠಲರಾವ ದಾತಾರ ಎಂಬವರು ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಹೂಡಿದರು. ಊರಿನ ಜಹಾಗೀರದಾರರಾದ ನಾರಾಯಣರಾವ ಬಾಬಾಸಾಹೇಬ ಘೋರ್ಪಡೆಯವರು ಈ ಉದ್ಯೋಗಕ್ಕೆ ಪ್ರೋತ್ಸಾಹ ಕೊಟ್ಟರು. ಒಂದು ಮಗ್ಗ ಹತ್ತಾಯಿತು, ಹತ್ತು ನೂರಾಯಿತು. ಇಂದು ಊರಿನ ಗಲ್ಲಿಗಲ್ಲಿಗಳಲ್ಲಿ ಮಗ್ಗಗಳ ‘ಖಟಖಟ’ ಸಪ್ಪಳ ಕೇಳಿಸುತ್ತದೆ. 2011ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ ಸುಮಾರು 2 ಲಕ್ಷ 87 ಸಾವಿರ. 2022ರಲ್ಲಿ ಇಲ್ಲಿಯ ನಗರಪರಿಷತ್ತು ಮಹಾನಗರಪಾಲಿಕೆಯಾಯಿತು.

ಮಗ್ಗದ ಕೆಲಸ ಹಗಲೂ ರಾತ್ರಿಯೂ ಪಾಳಿಯಲ್ಲಿ ನಡೆಯುತ್ತದೆ. ರಾತ್ರಿಯ ಪಾಳಿ ಮುಗಿಸಿ ಬಂದವರು ದೂರ ಹೋಗಲಾರರು. ನಡೆದು ಅಥವಾ ಸೈಕಲ್ಲಿನ ಮೇಲೆ ಮುಟ್ಟುವಷ್ಟು ಹತ್ತಿರ ಅವರಿಗೆ ಮನೆ ಬೇಕು. ಆದ್ದರಿಂದ ಮಗ್ಗಗಳ ಸುತ್ತಮುತ್ತ ಸಾಲು ಖೋಲಿಗಳು ಎದ್ದಿವೆ. ಒಂದು ಖೋಲಿ, ಒಂದು ಮೂಲೆಯಲ್ಲಿ ಅಡಿಗೆ, ಸಾಲಿಗೆಲ್ಲ ಸೇರಿ ಒಂದು ನಳ. ಕರ್ನಾಟಕದಿಂದ, ಸೋಲಾಪುರದ ಕಡೆಯಿಂದ, ದೂರದ ಉತ್ತರ ಪ್ರದೇಶ, ಬಿಹಾರಗಳಿಂದ ಬಂದವರು ಇಂಥ ಖೋಲಿಗಳಲ್ಲಿ ಇರುತ್ತಾರೆ. ಒಬ್ಬಂಟಿಯಾಗಿ ಬಂದ ಕಾರ್ಮಿಕರು ನಾಲ್ಕೈದು ಜನ ಕೂಡಿ ಒಂದು ಖೋಲಿ ಹಿಡಿದು ಬಾಡಿಗೆಯನ್ನು ಹಂಚಿಕೊಳ್ಳುತ್ತಾರೆ. ಹಗಲು ಪಾಳಿಯವನು ಎದ್ದು ಹೋದ ಹಾಸಿಗೆಯ ಮೇಲೆ ರಾತ್ರಿ ಪಾಳಿಯವನು ಮಲಗುವುದೂ ಉಂಟು.

ಇಚಲಕರಂಜಿಯಲ್ಲಿ ಕುಡಿಯುವ ನೀರಿನದು ದೊಡ್ಡ ಪ್ರಶ್ನೆ. ಊರ ಪಕ್ಕದ ಪಂಚಗಂಗೆಯ ನೀರು ಮಲಿನವಾದದ್ದರಿಂದ ಕೃಷ್ಣಾ ನದಿಯಿಂದ ನೀರು ತರಬೇಕಾಗಿದೆ. ನೀರು ತುಂಬಿಡಲು ಟಾಕಿ ಇರುವ ಮನೆಗೆ ಆದ್ದರಿಂದಲೇ ಬೆಲೆ ಹೆಚ್ಚು.

ಬಟ್ಟೆಗೆ ಬೇಡಿಕೆ ಇದ್ದಾಗ ಮಗ್ಗಗಳು ಓಡುತ್ತವೆ, ಕಾರ್ಮಿಕರು ಬರುತ್ತಾರೆ, ಖೋಲಿಗಳು ತುಂಬುತ್ತವೆ. ಬೇಡಿಕೆ ಕಡಿಮೆಯಾದಾಗ ಮಗ್ಗಗಳು ನಿಲ್ಲುತ್ತವೆ. ಕಾರ್ಮಿಕರು ಊರಿಗೆ ಮರಳುತ್ತಾರೆ. ಖೋಲಿಗಳಿಗೆ ಬೀಗ ಬೀಳುತ್ತದೆ. 2020ರಲ್ಲಿ ಕೊರೋನಾ ರೋಗದ ಕಾರಣ ದೇಶದಲ್ಲೆಲ್ಲ ವ್ಯವಹಾರಗಳು ನಿಂತವು. ಹೊರಗಿನಿಂದ ಬಂದ ಅನೇಕ ಕಾರ್ಮಿಕರು ಆಗ ತಮ್ಮ ಊರುಗಳಿಗೆ ಹೋದರು. ಉಳಿದವರಿಗೆ ಬಾಡಿಗೆ ಕೊಡುವುದೇ ಕಷ್ಟವಾಯಿತು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರವು, ಬಾಡಿಗೆಯ ವಸೂಲಿಯನ್ನು ಕನಿಷ್ಠ ಮೂರು ತಿಂಗಳು ಮುಂದೂಡಬೇಕು, ಬಾಡಿಗೆ ಕೊಡಲಿಲ್ಲವೆಂದು ಯಾರನ್ನೂ ಹೊರಗೆ ಹಾಕಬಾರದು ಎಂದು ಮಾಲಕರಿಗೆ ಸೂಚನೆ ಕೊಟ್ಟಿತು.

ಮೂರನೆಯ ಊರು ಗಡಹಿಂಗ್ಲಜ. ಇದು ಜಿಲ್ಲೆಯ ದಕ್ಷಿಣ ಭಾಗದಲ್ಲಿ ಹಿರಣ್ಯಕೇಶಿ ನದಿಯ ಹತ್ತಿರ ಇದೆ. ಕರ್ನಾಟಕದ ಸಂಕೇಶ್ವರ ಇಲ್ಲಿಂದ ಸಮೀಪ. ತಾಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಕನ್ನಡ ಮಾತನಾಡುವ ಜನರು ಬಹಳ ಇದ್ದಾರೆ. ಗಡಹಿಂಗ್ಲಜ ಚಿಕ್ಕ ಊರು. ಆದರೆ ಪ್ರಾಂತ ಕಚೇರಿ, ಉಪಜಿಲ್ಲಾ ದವಾಖಾನೆ, ಎಸ್.ಟಿ. ಆಗಾರ, ಡಾ. ಘಾಳಿ ಕಾಲೇಜು, ಶಿವರಾಜ ಕಾಲೇಜು ಮುಂತಾದವು ಇಲ್ಲಿವೆ. ಇಲ್ಲಿ ಬಾಡಿಗೆಗೆ ಇರುವವರು ಹೆಚ್ಚಾಗಿ ಶಿಕ್ಷಕರು, ಬ್ಯಾಂಕಿನ ನೌಕರರು, ದಾದಿಯರು, ಎಸ್.ಟಿ. ಚಾಲಕರು, ಕಾಲೇಜು ವಿದ್ಯಾರ್ಥಿಗಳು.

ಗಡಹಿಂಗ್ಲಜದಲ್ಲಿ ಬಾಡಿಗೆಯು ಕೊಲ್ಹಾಪುರಕ್ಕಿಂತ ಕಡಿಮೆ. ಏಕೆಂದರೆ ಊರಿನ ಬಹಳಷ್ಟು ಜನರಿಗೆ ಸ್ವಂತ ಮನೆಗಳಿವೆ. ಹೊರಗಿನಿಂದ ಬರುವವರು ಕಡಿಮೆ. ಇನ್ನೊಂದು ಕಾರಣವೂ ಇದೆ. ಅದು ಎಸ್.ಟಿ. ಬಸ್ಸು! ಸುತ್ತಲಿನ ಹಳ್ಳಿಗಳ ವಿದ್ಯಾರ್ಥಿಗಳು ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಮನೆಗೆ ಮರಳುತ್ತಾರೆ. ಅಹಿಲ್ಯಾಬಾಯಿ ಹೋಳಕರ ಯೋಜನೆಯಂತೆ ಹಳ್ಳಿಯ ವಿದ್ಯಾರ್ಥಿನಿಯರಿಗೆ ಶಾಲೆಗೆ ಹೋಗಿಬರಲು ಎಸ್.ಟಿ. ಪಾಸು ಉಚಿತವಾಗಿ ಸಿಗುತ್ತದೆ. ಬಸ್ಸು ವೇಳೆಗೆ ಸರಿಯಾಗಿ ಬಂದರೆ ಅವರು ಊರಲ್ಲಿ ಖೋಲಿ ಹಿಡಿಯಬೇಕಾಗಿಲ್ಲ. ಬಸ್ಸು ತಪ್ಪಿದರೆ, ಅಥವಾ ಆ ಹಳ್ಳಿಗೆ ಬಸ್ಸೇ ಇಲ್ಲದಿದ್ದರೆ, ಖೋಲಿ ಹಿಡಿಯಬೇಕು. ಇಲ್ಲವೇ ಶಾಲೆ ಬಿಡಬೇಕು. ಒಂದು ಬಸ್ಸು ಒಂದು ಮನೆಯ ಬಾಡಿಗೆಯನ್ನು ಉಳಿಸಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ.

ಮೂರು ಊರುಗಳನ್ನು ನೋಡಿದಿರಿ. ಈಗ ಬಾಡಿಗೆ ಏರುವ, ಇಳಿಯುವ ಗುಟ್ಟನ್ನು ಒಂದು ಚಿಕ್ಕ ಉದಾಹರಣೆಯಿಂದ ತಿಳಿಯೋಣ. ಒಂದು ಗಲ್ಲಿಯಲ್ಲಿ 10 ಮನೆಗಳು ಖಾಲಿ ಇವೆ. ಮನೆ ಬೇಕಾದ ಕುಟುಂಬಗಳು 15. ಐದು ಕುಟುಂಬಗಳಿಗೆ ಮನೆ ಸಿಗುವುದಿಲ್ಲ. ಆಗ ಅವರು, “ನಾವು ನೂರು ರೂಪಾಯಿ ಹೆಚ್ಚು ಕೊಡುತ್ತೇವೆ, ನಮಗೇ ಕೊಡಿರಿ” ಎನ್ನುತ್ತಾರೆ. ಬಾಡಿಗೆ ಏರುತ್ತದೆ. ಮರುವರ್ಷ ಅದೇ ಗಲ್ಲಿಯಲ್ಲಿ 10 ಮನೆಗಳು ಖಾಲಿ ಇವೆ. ಮನೆ ಬೇಕಾದ ಕುಟುಂಬಗಳು ಆರೇ ಆರು. ಆಗ ಮಾಲಕರೇ, “ಸ್ವಲ್ಪ ಕಡಿಮೆ ಕೊಟ್ಟರೂ ಆಗಲಿ, ಬನ್ನಿರಿ” ಎನ್ನುತ್ತಾರೆ. ಬಾಡಿಗೆ ಇಳಿಯುತ್ತದೆ. ಕೆಲಸ, ಶಿಕ್ಷಣ, ನೀರು, ರಸ್ತೆ ಇವು ಎಲ್ಲಿ ಚೆನ್ನಾಗಿರುತ್ತವೆಯೋ ಅಲ್ಲಿಗೆ ಜನ ಬರುತ್ತಾರೆ. ಜನ ಬಂದಷ್ಟು ಮನೆಗಳು ಏಳದಿದ್ದರೆ ಬಾಡಿಗೆ ಏರುತ್ತದೆ.

ಬಾಡಿಗೆ ಏರಿದರೆ ಮನೆಯ ಮೇಲೆ ಏನು ಪರಿಣಾಮವಾಗುತ್ತದೆ? ಒಬ್ಬ ಕಾರ್ಮಿಕನಿಗೆ ತಿಂಗಳಿಗೆ 12,000 ರೂಪಾಯಿ ಸಿಗುತ್ತವೆ, ಬಾಡಿಗೆ 3,000 ರೂಪಾಯಿ ಎಂದು ತಿಳಿಯಿರಿ. ದುಡಿಮೆಯ ನಾಲ್ಕರಲ್ಲಿ ಒಂದು ಪಾಲು ಬಾಡಿಗೆಗೆ ಹೋಯಿತು. ಬಾಡಿಗೆ 4,000 ರೂಪಾಯಿ ಆದರೆ ಮೂರರಲ್ಲಿ ಒಂದು ಪಾಲು ಹೋಗುತ್ತದೆ. ಆ ಹೆಚ್ಚಿನ ಸಾವಿರ ರೂಪಾಯಿ ಎಲ್ಲಿಂದ ಬರಬೇಕು? ಹಾಲಿನಿಂದ, ಕಾಯಿಪಲ್ಲೆಯಿಂದ, ಔಷಧದಿಂದ, ಮಕ್ಕಳ ವಹಿ-ಪುಸ್ತಕಗಳಿಂದ ಅದನ್ನು ತೆಗೆಯಬೇಕಾಗುತ್ತದೆ.

ಹಾಗಾದರೆ ಬಾಡಿಗೆ ಎಂದೂ ಏರಲೇಬಾರದೆ? ಇದಕ್ಕೂ ಇತಿಹಾಸದಲ್ಲಿ ಉತ್ತರವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆಗಳ ಕೊರತೆಯಿಂದ ಬಾಡಿಗೆ ಬಹಳ ಏರತೊಡಗಿತು. ಬಡವರ ರಕ್ಷಣೆಗಾಗಿ ಮುಂಬಯಿ ಪ್ರಾಂತದ ಸರಕಾರವು 1947ರಲ್ಲಿ ಬಾಡಿಗೆ ಕಾಯದೆಯನ್ನು ಮಾಡಿತು. 1940ರ ಸಪ್ಟಂಬರ ತಿಂಗಳಲ್ಲಿದ್ದ ಬಾಡಿಗೆಯನ್ನೇ ಆಧಾರವಾಗಿ ಹಿಡಿಯಲಾಯಿತು. ಬಾಡಿಗೆದಾರರಿಗೆ ಇದರಿಂದ ನೆಮ್ಮದಿ ಸಿಕ್ಕಿತು. ಆದರೆ ವರ್ಷಗಳು ಕಳೆದಂತೆ ಎಲ್ಲ ವಸ್ತುಗಳ ಬೆಲೆ ಏರಿತು, ಹಳೆಯ ಮನೆಗಳ ಬಾಡಿಗೆ ಮಾತ್ರ ಇದ್ದಲ್ಲಿಯೇ ಉಳಿಯಿತು. ಆ ಹಣದಿಂದ ಹಂಚು ಹೊದಿಸಲೂ ಸಾಲದೆಂದು ಮಾಲಕರು ದುರಸ್ತಿಯನ್ನು ಬಿಟ್ಟರು. ಮನೆ ತಮ್ಮದಲ್ಲವೆಂದು ಬಾಡಿಗೆದಾರರೂ ಮಾಡಿಸಲಿಲ್ಲ. ಹಳೆಯ ಪೇಠಗಳಲ್ಲಿಯ ಎಷ್ಟೋ ವಾಡೆಗಳ ಗೋಡೆಗಳು ಹೀಗೆಯೇ ಶಿಥಿಲವಾದವು. ಮಳೆಗಾಲದಲ್ಲಿ ಅಂಥ ಗೋಡೆ ಕುಸಿದರೆ ಅದರ ಕೆಳಗಿದ್ದವರಿಗೆ ಅಪಾಯ. ಬಾಡಿಗೆ ಮಿತಿಮೀರಿದರೆ ಬಾಡಿಗೆದಾರ ಬೀಳುತ್ತಾನೆ. ಬಾಡಿಗೆ ತೀರ ಕಡಿಮೆಯಾದರೆ ಮನೆಯೇ ಬೀಳುತ್ತದೆ. ಎರಡರ ನಡುವಿನ ನ್ಯಾಯದ ದಾರಿಯನ್ನು ಹುಡುಕಬೇಕು.

ಆ ದಾರಿಗಾಗಿ ಮಾಡಿದ್ದು ‘ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯದೆ, 1999’. ಇದು 31 ಮಾರ್ಚ್ 2000ರಿಂದ ಜಾರಿಗೆ ಬಂದಿತು. ಈ ಕಾಯದೆಯಂತೆ ಮನೆ ಕೊಡುವ ಕರಾರು ಬರವಣಿಗೆಯಲ್ಲಿಯೇ ಇರಬೇಕು. ಅದನ್ನು ಸರಕಾರದ ದುಯ್ಯಮ ನಿಬಂಧಕರ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ನೋಂದಣಿ ಮಾಡಿಸುವ ಜವಾಬ್ದಾರಿ ಮಾಲಕರದು. ಅವರು ನೋಂದಣಿ ಮಾಡಿಸದೆ ಇದ್ದಾಗ ವಾದ ಉಂಟಾದರೆ, ಬಾಡಿಗೆದಾರನು ಹೇಳಿದ ಷರತ್ತುಗಳನ್ನೇ ನಿಜವೆಂದು ಹಿಡಿಯಲಾಗುತ್ತದೆ. ಅದು ಸುಳ್ಳೆಂದು ಮಾಲಕರು ಸಿದ್ಧಮಾಡಬೇಕಾಗುತ್ತದೆ. ಬಾಡಿಗೆ ಪಡೆದುದಕ್ಕೆ ಮಾಲಕರು ಪಾವತಿ ಕೊಡಬೇಕು. ಬಾಡಿಗೆದಾರರನ್ನು ಹೊರಗೆ ಹಾಕಲು ನೀರು, ದೀಪ ಮುಂತಾದ ಅವಶ್ಯಕ ಸೌಕರ್ಯಗಳನ್ನು ಕಡಿಯಬಾರದು.

ಒಂದು ಹಾಳೆ ಕಾಗದಕ್ಕೆ ಇಷ್ಟು ಮಹತ್ವ ಏಕೆ? ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ರಬಕವಿ-ಬನಹಟ್ಟಿಯ ಕಡೆಯ ಒಬ್ಬ ನೇಕಾರ ಹೆಂಡತಿ ಹಾಗೂ ಮಗಳೊಂದಿಗೆ ಇಚಲಕರಂಜಿಗೆ ಬಂದ. ಮಗಳು ಆರನೆಯ ಇಯತ್ತೆಯಲ್ಲಿದ್ದಳು. ಮಗ್ಗದ ಹತ್ತಿರ ಒಂದು ಖೋಲಿ ಸಿಕ್ಕಿತು. ತಂದೆ 10,000 ರೂಪಾಯಿ ಠೇವಣಿ ಕೊಟ್ಟ. ಕಾಗದ ಮಾಡಲಿಲ್ಲ, ಪಾವತಿ ಕೇಳಲಿಲ್ಲ. ಫೆಬ್ರುವರಿಯಲ್ಲಿ ಮಾಲಕ ಬಂದು, “ನನ್ನ ಅಳಿಯ ಬರುತ್ತಾನೆ. ಎಂಟು ದಿನಗಳಲ್ಲಿ ಖೋಲಿ ಬಿಡು” ಎಂದ. ಠೇವಣಿ ಕೇಳಿದರೆ, “ನೀನು ಕೊಟ್ಟದ್ದು ಐದೇ ಸಾವಿರ” ಎಂದು ಅಷ್ಟನ್ನೇ ಕೊಟ್ಟ. ತೋರಿಸಲು ತಂದೆಯ ಕೈಯಲ್ಲಿ ಏನೂ ಇರಲಿಲ್ಲ. ಕುಟುಂಬವು ಒಬ್ಬ ಬಂಧುವಿನ ಖೋಲಿಯಲ್ಲಿ ಇಕ್ಕಟ್ಟಿನಲ್ಲಿ ಇರಬೇಕಾಯಿತು. ಮಗಳು ಆ ವರ್ಷದ ಪರೀಕ್ಷೆಯ ಅಭ್ಯಾಸವನ್ನು ಓಣಿಯ ದೀಪದ ಕೆಳಗೆ ಮಾಡಿದಳು.

ಜೂನ್ ತಿಂಗಳಲ್ಲಿ ಬೇರೆ ಖೋಲಿ ಸಿಕ್ಕಿತು. ಈ ಸಲ ಮಗಳು ಮೆಲ್ಲಗೆ, “ಅಪ್ಪಾ, ಎಲ್ಲಾ ಬರೆಸಿಕೊಳ್ಳೋಣ” ಎಂದಳು. ತಂದೆ ಸಂಕೋಚದಿಂದಲೇ ಮಾಲಕರಿಗೆ, “ಕಾಕಾ, ತಪ್ಪ ತಿಳಕೋಬ್ಯಾಡ್ರಿ. ಕರಾರುಪತ್ರ ಮಾಡಿಸೋಣ್ರಿ” ಎಂದ.

ಮುದುಕರಾದ ಮಾಲಕರು ನಕ್ಕರು. “ತಪ್ಪ ಯಾಕ ತಿಳಕೊಳ್ಳಲಿ? ಹಿಂದಿನ ಬಾಡಿಗೆದಾರ ಮೂರು ತಿಂಗಳ ಬಾಡಿಗಿ ಕೊಡದ ರಾತ್ರೋರಾತ್ರಿ ಹೋದ. ಕಾಗದ ಇದ್ದರ ನಿನಗೂ ನಿದ್ದಿ, ನನಗೂ ನಿದ್ದಿ.”

ಕರಾರುಪತ್ರ ಮರಾಠಿಯಲ್ಲಿತ್ತು. ತಂದೆಗೆ ಮರಾಠಿ ಮಾತು ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಮಗಳು ಶಾಲೆಯಲ್ಲಿ ಮರಾಠಿಯನ್ನೂ ಕಲಿತಿದ್ದಳು. ಅವಳು ಒಂದೊಂದೇ ಷರತ್ತನ್ನು ಓದಿ ಕನ್ನಡದಲ್ಲಿ ಹೇಳಿದಳು. ತಿಂಗಳ ಬಾಡಿಗೆ ಎಷ್ಟು, ಯಾವ ತಾರೀಖಿನೊಳಗೆ ಕೊಡಬೇಕು, ಠೇವಣಿ ಎಷ್ಟು, ಅದನ್ನು ಯಾವಾಗ ಮರಳಿಸಬೇಕು, ವಿದ್ಯುತ್ ಬಿಲ್ಲು ಯಾರು ತುಂಬಬೇಕು, ಮನೆ ಬಿಡುವ ಅಥವಾ ಬಿಡಿಸುವ ಮೊದಲು ಎಷ್ಟು ದಿನ ಮುಂಚೆ ತಿಳಿಸಬೇಕು, ಇವೆಲ್ಲ ಅದರಲ್ಲಿದ್ದವು. ಕರಾರಿನ ಅವಧಿ 11 ತಿಂಗಳು. ಮಗಳು ಕೇಳಿದಳು, “ಅಜ್ಜಾ, ನನ್ನ ಪರೀಕ್ಷಾ ನಡದಾಗ ಮನಿ ಬಿಡ ಅಂತೀರೇನ್ರಿ?” ಮಾಲಕರು ಹೇಳಿದರು, “ಜೂನದಿಂದ ಹನ್ನೊಂದು ತಿಂಗಳು ಎಣಿಸಿ ನೋಡವ್ವಾ.” ಅವಳು ಬೆರಳು ಮಡಿಚಿ ಎಣಿಸಿದಳು. ಅವಧಿ ಏಪ್ರಿಲ್ ಕೊನೆಗೆ ಮುಗಿಯುತ್ತಿತ್ತು. ಪರೀಕ್ಷೆ ಅಷ್ಟರಲ್ಲಿ ಮುಗಿದಿರುತ್ತದೆ ಎಂದು ಅವಳಿಗೆ ಧೈರ್ಯ ಬಂದಿತು. ಇಬ್ಬರು ಸಾಕ್ಷಿದಾರರ ಸಹಿಯಾಯಿತು, ನೋಂದಣಿಯೂ ಆಯಿತು.

ಬಾಡಿಗೆದಾರರಿಗೆ ಹಕ್ಕುಗಳಿರುವಂತೆ ಕರ್ತವ್ಯಗಳೂ ಇವೆ. ಬಾಡಿಗೆಯನ್ನು ವೇಳೆಗೆ ಸರಿಯಾಗಿ ಕೊಡಬೇಕು. ಮನೆಯನ್ನು ಸ್ವಂತ ಮನೆಯಂತೆ ಸ್ವಚ್ಛವಾಗಿ ಇಡಬೇಕು. ಗೋಡೆಗೆ ಮನಸ್ಸಿಗೆ ಬಂದಂತೆ ಮೊಳೆ ಹೊಡೆಯಬಾರದು. ನೀರನ್ನು ಪೋಲು ಮಾಡಬಾರದು. ಕರಾರಿನ ಅವಧಿ ಮುಗಿದ ಮೇಲೆ ಮನೆಯನ್ನು ಮರಳಿ ಕೊಡಬೇಕು. ಮಾಲಕರು ಸೋರುವ ಮಾಳಿಗೆಯನ್ನು, ಕೆಟ್ಟ ನಳವನ್ನು ದುರಸ್ತಿ ಮಾಡಿಸಬೇಕು. ಬಾಡಿಗೆ ಏರಿಸುವುದಿದ್ದರೆ ಎಷ್ಟು ಏರಿಸುವುದೆಂದು ಕರಾರಿನಲ್ಲಿ ಮೊದಲೇ ಬರೆದಿರಬೇಕು. ಉದಾಹರಣೆಗೆ, ವರ್ಷಕ್ಕೆ ಶೇಕಡಾ 5ರಂತೆ ಎಂದು ಬರೆದಿದ್ದರೆ 4,000 ರೂಪಾಯಿ ಬಾಡಿಗೆಯು ಮರುವರ್ಷ 4,200 ಆಗುತ್ತದೆ, ಅದರ ಮರುವರ್ಷ 4,410 ಆಗುತ್ತದೆ. ಮೊದಲೇ ತಿಳಿದಿದ್ದರೆ ಕುಟುಂಬವು ಅದಕ್ಕೆ ಸಿದ್ಧವಾಗಿರುತ್ತದೆ.

ಇನ್ನೊಂದು ಮಾತನ್ನು ಮರೆಯಬಾರದು. ಜಾತಿ, ಧರ್ಮ, ಭಾಷೆಗಳನ್ನು ನೋಡಿ ಯಾರಿಗೂ ಮನೆ ನಿರಾಕರಿಸಬಾರದು. ನಮ್ಮ ಜಿಲ್ಲೆಯಲ್ಲಿ ಮರಾಠಿ ಮಾಲಕರ ಮನೆಯಲ್ಲಿ ಕನ್ನಡದ ಬಾಡಿಗೆದಾರರಿದ್ದಾರೆ; ಕನ್ನಡದ ಮಾಲಕರ ಮನೆಯಲ್ಲಿ ಹಿಂದಿ ಮಾತನಾಡುವ ಬಾಡಿಗೆದಾರರಿದ್ದಾರೆ. ಒಂದೇ ನಳದಲ್ಲಿ ನೀರು ತುಂಬುತ್ತ, ಒಬ್ಬರ ಹಬ್ಬದ ಹೋಳಿಗೆಯನ್ನು ಇನ್ನೊಬ್ಬರು ತಿನ್ನುತ್ತ ಅವರು ಒಬ್ಬರ ಮಾತನ್ನು ಇನ್ನೊಬ್ಬರು ಕಲಿಯುತ್ತಾರೆ.

ಮಕ್ಕಳೇ, ನಿಮ್ಮ ವರ್ಗದಲ್ಲಿಯೂ ಸ್ವಂತ ಮನೆಯಲ್ಲಿ ಇರುವವರಿದ್ದಾರೆ, ಬಾಡಿಗೆ ಮನೆಯಲ್ಲಿ ಇರುವವರಿದ್ದಾರೆ. ಇದರಲ್ಲಿ ದೊಡ್ಡದು ಸಣ್ಣದು ಎಂಬ ಭೇದವಿಲ್ಲ. ಗೋಡೆಗಳು ಮಾಲಕರವಾದರೂ ಅಲ್ಲಿ ಹಚ್ಚಿದ ದೀಪ, ಬೇಯಿಸಿದ ಅನ್ನ, ಕಲಿತ ಪಾಠ ಅಲ್ಲಿ ವಾಸಿಸುವವರದು. ನೀವು ಕಲಿತ ಅಕ್ಷರವು ನಿಮ್ಮ ಮನೆಯವರ ಕಾಗದವನ್ನು ಓದಲು ಉಪಯೋಗವಾಗಲಿ. ಸಹಿ ಮಾಡುವ ಮೊದಲು ಓದಿರಿ. ಹಣ ಕೊಟ್ಟ ಮೇಲೆ ಪಾವತಿ ಪಡೆಯಿರಿ.

ಶಬ್ದಾರ್ಥ

ಆಸರೆ – ಆಶ್ರಯ, ಇರುವ ಸ್ಥಳ
ಖೋಲಿ – ಕೋಣೆ
ವಾಡೆ – ಹಳೆಯ ಕಾಲದ ದೊಡ್ಡ ಮನೆ
ಪಾಳಿ – ಸರದಿ, ಕೆಲಸದ ವೇಳೆ
ಬಂಧಾರೆ – ನದಿಗೆ ಅಡ್ಡವಾಗಿ ಕಟ್ಟಿದ ಚಿಕ್ಕ ಕಟ್ಟೆ
ಠೇವಣಿ – ಮನೆ ಹಿಡಿಯುವಾಗ ಮಾಲಕರಲ್ಲಿ ಇಡುವ, ಮನೆ ಬಿಡುವಾಗ ಮರಳಿ ಪಡೆಯುವ ಹಣ
ಪಾವತಿ – ರಸೀದಿ, ಹಣ ಪಡೆದುದಕ್ಕೆ ಕೊಡುವ ಚೀಟಿ
ಕರಾರುಪತ್ರ – ಒಪ್ಪಂದದ ಕಾಗದ
ಷರತ್ತು – ನಿಬಂಧನೆ
ಶಿಥಿಲ – ದುರ್ಬಲ, ಬೀಳುವ ಸ್ಥಿತಿಯಲ್ಲಿರುವ
ಆಗಾರ – ಬಸ್ಸುಗಳನ್ನು ನಿಲ್ಲಿಸುವ, ದುರಸ್ತಿ ಮಾಡುವ ಸ್ಥಳ
ಇಯತ್ತೆ – ತರಗತಿ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1) ಬಾಡಿಗೆ ಎಂದರೇನು?
2) ಶಿವಾಜಿ ವಿದ್ಯಾಪೀಠವು ಯಾವ ವರ್ಷ ಸ್ಥಾಪನೆಯಾಯಿತು?
3) ಇಚಲಕರಂಜಿಗೆ ಕೃಷ್ಣಾ ನದಿಯಿಂದ ನೀರು ತರಬೇಕಾದುದು ಏಕೆ?
4) ಗಡಹಿಂಗ್ಲಜ ಯಾವ ನದಿಯ ಹತ್ತಿರ ಇದೆ?
5) ಕರಾರುಪತ್ರವನ್ನು ಎಲ್ಲಿ ನೋಂದಣಿ ಮಾಡಿಸಬೇಕು?

ಆ) ಮೂರು-ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1) ಶಾಹೂ ಮಹಾರಾಜರು ವಸತಿಗೃಹಗಳಿಗೆ ಆಶ್ರಯ ಕೊಡಲು ಕಾರಣವೇನು?
2) ಕೊಲ್ಹಾಪುರದಲ್ಲಿ ಮನೆ ಹುಡುಕುವವರು ಯಾವ ಮೂರು ಮಾತುಗಳನ್ನು ವಿಚಾರಿಸುತ್ತಾರೆ?
3) ಬಸ್ಸು ಬಾಡಿಗೆಯನ್ನು ಹೇಗೆ ಉಳಿಸುತ್ತದೆ?
4) ಬಾಡಿಗೆ ತೀರ ಕಡಿಮೆಯಾದಾಗ ಹಳೆಯ ವಾಡೆಗಳ ಸ್ಥಿತಿ ಏನಾಯಿತು?

ಇ) ಯಾರು ಯಾರಿಗೆ ಹೇಳಿದರು?
1) “ಎಂಟು ದಿನಗಳಲ್ಲಿ ಖೋಲಿ ಬಿಡು.”
2) “ಅಪ್ಪಾ, ಎಲ್ಲಾ ಬರೆಸಿಕೊಳ್ಳೋಣ.”
3) “ಕಾಗದ ಇದ್ದರ ನಿನಗೂ ನಿದ್ದಿ, ನನಗೂ ನಿದ್ದಿ.”

ಈ) ಬಿಟ್ಟ ಸ್ಥಳಗಳನ್ನು ಸರಿಯಾದ ಶಬ್ದಗಳಿಂದ ತುಂಬಿರಿ.
1) ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ______ರಲ್ಲಿ ಹೂಡಲಾಯಿತು.
2) ರಾಜಾರಾಮ ಬಂಧಾರೆಯ ಹತ್ತಿರ ನದಿಯ ಅಪಾಯದ ಮಟ್ಟ ______ ಅಡಿ.
3) ಬಾಡಿಗೆ ಪಡೆದುದಕ್ಕೆ ಮಾಲಕರು ______ ಕೊಡಬೇಕು.

ಉ) ಲೆಕ್ಕ ಮಾಡಿರಿ.
ಒಂದು ಕುಟುಂಬದ ತಿಂಗಳ ಆದಾಯ 15,000 ರೂಪಾಯಿ. ಬಾಡಿಗೆ 3,000 ರೂಪಾಯಿ. ಆದಾಯದ ಎಷ್ಟನೆಯ ಪಾಲು ಬಾಡಿಗೆಗೆ ಹೋಯಿತು? ಬಾಡಿಗೆ ಶೇಕಡಾ 10ರಷ್ಟು ಏರಿದರೆ ಅದು ಎಷ್ಟಾಗುತ್ತದೆ?

ಊ) ವ್ಯಾಕರಣ
1) ವಿರುದ್ಧಾರ್ಥಕ ಶಬ್ದಗಳನ್ನು ಬರೆಯಿರಿ: ಏರಿಕೆ, ಎತ್ತರ, ಸ್ವಂತ, ಹಕ್ಕು, ಸ್ವಚ್ಛ.
2) ‘ಗಲ್ಲಿಗಲ್ಲಿ’, ‘ರಾತ್ರೋರಾತ್ರಿ’ ಇವು ದ್ವಿರುಕ್ತ ಶಬ್ದಗಳು. ಇಂಥ ಇನ್ನೂ ನಾಲ್ಕು ಶಬ್ದಗಳನ್ನು ಬರೆದು ವಾಕ್ಯಗಳಲ್ಲಿ ಉಪಯೋಗಿಸಿರಿ.
3) ಮಗಳು ಹಾಗೂ ಮಾಲಕರ ಆಡುಮಾತುಗಳನ್ನು ಗ್ರಾಂಥಿಕ ಕನ್ನಡದಲ್ಲಿ ಬರೆಯಿರಿ.

ಉಪಕ್ರಮ
1) ಬಾಡಿಗೆ ಪಾವತಿಯ ಒಂದು ಮಾದರಿಯನ್ನು ತಯಾರಿಸಿರಿ. ಅದರಲ್ಲಿ ತಾರೀಖು, ತಿಂಗಳು, ಹಣ, ಕೊಟ್ಟವರ ಹೆಸರು, ಪಡೆದವರ ಸಹಿ ಇರಲಿ.
2) ನಿಮ್ಮ ಮನೆಯ ಹಿರಿಯರಿಂದ, ಅವರು ಚಿಕ್ಕವರಿದ್ದಾಗ ನಿಮ್ಮ ಊರಿನಲ್ಲಿ ಬಾಡಿಗೆ ಎಷ್ಟಿತ್ತು, ಆಗ ಮನೆಗಳು ಹೇಗಿದ್ದವು ಎಂಬುದನ್ನು ಕೇಳಿ ಬರೆಯಿರಿ.